ಬರ್ಮಾ ಪುಸ್ತಕ ಮತ್ತು ನನ್ನ ರಬ್ಬರ್

ಕಳೆದ ಭಾನುವಾರ ಜೆ.ಪಿ. ನಗರದ ಮನೆಯೊಂದರಲ್ಲಿ ಓದುಗರ ಕೂಟವಿತ್ತು. ಈ ತಿಂಗಳ ವಿಷಯ ಏಷ್ಯಾದ ಬದುಕು. ಮನೆಯೊಡತಿ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ಎತ್ತಿ ಹಿಡಿದು, "ಬರ್ಮಾ ಬಗ್ಗೆ ಎಷ್ಟ್ ಚೆನ್ನಾಗಿ ಬರ್ದಿದಾನೆ ನೋಡಿ" ಎಂದರು. ಅದರ ರಕ್ಷಾಪುಟ ಕಂಡದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಅವರು ಕೊಟ್ಟ ಖಾರಾಬೂಂದಿ ತಿನ್ನುವುದನ್ನೇನೂ ಬಿಡಲಿಲ್ಲ, ಅದು ಬೇರೆ ಮಾತು.

ತೊಂಬತ್ತರ ದಶಕದಲ್ಲಿ, ಕಾಲೇಜು ಓದುವಾಗ, ನಾನು ಜಯನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರ ಖಾಯಂ ಗಿರಾಕಿ. ಅಂಥ ಕಡೆ ನೀವೂ ನೋಡಿರುತ್ತೀರಿ, ಓದಿದ ಪುಸ್ತಕವನ್ನೇ ಮತ್ತೆ ಒಯ್ಯದಿರಲೆಂದು ಸದಸ್ಯರು ಯಾವುದೋ ಪುಟದ ಮೂಲೆಯಲ್ಲಿ ಗುರುತು ಹಾಕಿಡುತ್ತಾರೆ: ಒಬ್ಬರದು ನಕ್ಷತ್ರ, ಇನ್ನೊಬ್ಬರದು ಇನಿಷಿಯಲ್ಲು. ನನಗೋ ಅಚ್ಚುಕಟ್ಟಿನ ಹುಚ್ಚು. ಬ್ಯಾಗಿನಲ್ಲಿ ಸದಾ ರಬ್ಬರ್, ಇಂಥ ಗುರುತು ಕಂಡಲ್ಲೆಲ್ಲ ಅಳಿಸುತ್ತಿದ್ದೆ. "ನಿಮ್ಮಂಥ ಮೆಂಬರ್ ಹತ್ ಜನ ಇದ್ರೆ ಸಾಕಮ್ಮ" ಎಂದು ಮಾಲೀಕರು ಹೊಗಳಿ ನನ್ನನ್ನು ಇನ್ನಷ್ಟು ಕೆಡಿಸಿದ್ದರು.

ಆ ಪುಸ್ತಕ ಸಿಕ್ಕಿದ್ದು ಆಗಲೇ. ಬರೆದವನು ರಂಗೂನಿನಲ್ಲಿದ್ದ ಬಿಳಿಯ ಅಧಿಕಾರಿ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ನುಗ್ಗಿದಾಗ ಬಿಟ್ಟುಬಂದ ನಾಯಿಗಾಗಿ ಎರಡು ಪುಟ ಅತ್ತಿದ್ದ. ಅಲ್ಲಿಂದ ಕಾಡು ದಾಟಿ ಭಾರತಕ್ಕೆ ನಡೆದುಬಂದ ನಮ್ಮವರಿಗೆ ಒಂದೇ ಸಾಲು, ಕೂಲಿಗಳೂ ಹೊರಟರು ಎಂದು. ಆ ಸಾಲಿನ ಪಕ್ಕ, ಅಂಚಿನ ತುಂಬ, ನಡುಗುವ ಪೆನ್ಸಿಲ್ ಅಕ್ಷರ. ಏನು ಬರೆದಿದೆ ಎಂದು ಓದುವ ತಾಳ್ಮೆ ನನಗಿರಲಿಲ್ಲ. ನಾಯಿಗಾಗಿ ಕಣ್ಣೊರೆಸಿಕೊಂಡು, ಅಕ್ಷರವನ್ನೆಲ್ಲ ಉಜ್ಜಿ ಹಾಕಿದೆ.

ಹಿಂತಿರುಗಿಸಲು ಹೋದಾಗ ಅದಕ್ಕಾಗಿ ಗೋವಿಂದಸ್ವಾಮಿ ಎಂಬ ಮುದುಕರು ಕಾಯುತ್ತಿದ್ದರು. ವಿಲ್ಸನ್ ಗಾರ್ಡನ್‌ನಿಂದ ನಡೆದೇ ಬರುವವರು. ಅದೊಂದೇ ಪುಸ್ತಕವನ್ನು ಮತ್ತೆ ಮತ್ತೆ ಒಯ್ಯುತ್ತಾರೆಂದು ಮಾಲೀಕರಿಗೆ ತಮಾಷೆ.

"ಅಂಕಲ್, ಯಾರೋ ಗೀಚಿ ಗಲೀಜು ಮಾಡಿದ್ರು. ನಾನೇ ಕ್ಲೀನ್ ಮಾಡಿದೀನಿ" ಎಂದು ಬೀಗಿದೆ.

ಅವರು ಪುಟ ತೆಗೆದು ಖಾಲಿ ಅಂಚನ್ನು ಬೆರಳಿನಿಂದ ಸವರಿದರು. "ನಮ್ ಜೊತೆ ನಡ್ಕೊಂಡ್ ಬರ್ತಾ ದಾರೀಲೇ ಹೋಗ್ಬಿಟ್ಟೋರ ಹೆಸರಮ್ಮ ಅವು. ನಮ್ ತಂಗಿ ಕಮಲಂದೂ ಇತ್ತು. ನೆನಪಾದಾಗ ಒಂದೊಂದೇ ಬರೀತಿದ್ದೆ."

"ಮತ್ತೆ ಬರೀರಿ ಅಂಕಲ್" ಎಂದು ಪೆನ್ಸಿಲ್ ಕೊಟ್ಟೆ.

"ತಂಗೀದು ಬರೀತೀನಿ. ಮಿಕ್ಕಿದ್ದು ಈಗ ಜ್ಞಾಪಕಕ್ಕೆ ಬರಲ್ಲ."

ಮಾಲೀಕರು ಕೌಂಟರಿನಾಚೆಯಿಂದಲೇ, "ಲೈಬ್ರರಿ ಬುಕ್ಕಲ್ಲಿ ಬರೆಯೋ ಹಾಗಿಲ್ಲ ಸಾರ್. ಒಂದ್ ನೋಟ್‌ಬುಕ್ಕಲ್ಲಿ ಬರ್ಕೊಳಿ" ಎಂದರು.

"ನನ್ ನೋಟ್‌ಬುಕ್ ಯಾರ್ ಓದ್ತಾರೆ?" ಎಂದರು ಮುದುಕರು. ಪೆನ್ಸಿಲ್ ನನ್ನ ಕೈಗಿಟ್ಟು ಹೊರಟರು. ಮತ್ತೆ ಬರಲಿಲ್ಲ. ನಾನು ಅವರ ಪರವಾಗಿ ಒಂದು ಮಾತೂ ಆಡಲಿಲ್ಲ.

ಆ ಬಿಳಿಯನ ಮೇಲೆ ನನಗೆ ಇವತ್ತಿಗೂ ಕೋಪವಿದೆ, ಮಾಲೀಕರ ಮೇಲೂ ಇದೆ. ಆದರೆ ಅವನು ಒಂದು ಸಾಲನ್ನಾದರೂ ಬರೆದ. ಅಳಿಸಿದವಳು ನಾನು. ಈ ಸಿಟ್ಟನ್ನು ಯಾರ ಮೇಲೆ ಎತ್ತಿ ಹಾಕಲಿ, ನೀವೇ ಹೇಳಿ.

ಭಾನುವಾರ ಕೂಟದಲ್ಲಿ ಇದನ್ನೆಲ್ಲ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ದನಿ ಏರಿತ್ತು. ಮನೆಯೊಡತಿ, "ಹೋಗ್ಲಿ ಬಿಡಿ, ಆಗ ನೀವಿನ್ನೂ ಚಿಕ್ಕೋರು" ಎಂದು ಸಮಾಧಾನ ಮಾಡಿದರು. ನಾನು ಬಿಡಲಿಲ್ಲ. ಅವರ ಕೈಯಿಂದ ಪುಸ್ತಕ ಕಸಿದುಕೊಂಡು, ಆ ಸಾಲು ಹುಡುಕಿ, ಪಕ್ಕದಲ್ಲಿ ಕಮಲ ಎಂದು ಬರೆದೆ. ಮುಂದೆ ಬರೆಯಲು ನನಗೆ ಯಾವ ಹೆಸರೂ ಗೊತ್ತಿರಲಿಲ್ಲ.