ತೊಳೆದು ಕೊಟ್ಟ ಕುಕ್ಕರ್

ಹೋದ ವಾರ ಶ್ರೀರಾಂಪುರದ ನಮ್ಮ ಪಕ್ಕದ ಮನೆಯಲ್ಲಿ ಕುಕ್ಕರ್ ಸಿಡಿಯಿತು. ಓಡಿಹೋದೆ. ಪುಣ್ಯಕ್ಕೆ ಅಡುಗೆ ಮಾಡುತ್ತಿದ್ದ ಆ ಮನೆಯ ಹುಡುಗಿಗೆ ಏನೂ ಆಗಿರಲಿಲ್ಲ. ಗೋಡೆಯೆಲ್ಲ ಬೇಳೆ, ಮೂಗಿಗೆ ಅಡರುವ ಸೀದ ವಾಸನೆ... ಬೋಗಾದಿಯ ದೊಡ್ಡಮ್ಮ ಕಣ್ಮುಂದೆ ಬಂದು ನಿಂತರು.

ಸ್ವಂತ ದೊಡ್ಡಮ್ಮ ಅಲ್ಲ. ಹಿಂದೆ ನಾವು ಅಲ್ಲಿ ಬಾಡಿಗೆಗಿದ್ದಾಗ ಎದುರುಮನೆಯವರು. ಕಾಲೇಜು ಹುಡುಗರಿಗೆ ಮನೆಯಲ್ಲೇ ಮೆಸ್ ನಡೆಸುತ್ತಿದ್ದರು. ಅವರ ಬಸ್ಸಾರಿನ ಒಗ್ಗರಣೆ ಚಟಪಟ ಅಂದರೆ ನಮ್ಮ ಮನೆಯಲ್ಲಿ ಹಸಿವಾಗುತ್ತಿತ್ತು. ಒಂದು ಬೆಳಿಗ್ಗೆ ಅವರ ಹೊಸ ಕುಕ್ಕರ್ ಸಿಡಿದು ಬಲಗೈ ಬೆಂದುಹೋಯಿತು.

ಕಂಪನಿಯವರು ಇಬ್ಬರು ಬಂದರು. ಬಾಯಿ ತುಂಬ ಅಮ್ಮಾ ಅಮ್ಮಾ. ಪರೀಕ್ಷೆ ಮಾಡಿಸ್ತೀವಿ, ಕುಕ್ಕರ್ ಕೊಡಿ ಅಂದರು. ದೊಡ್ಡಮ್ಮ ಎಡಗೈಯಲ್ಲೇ ಆ ಪಾತ್ರೆಯನ್ನು ತಿಕ್ಕಿ ತೊಳೆದರು. "ಅಂಗೇ ಗಲೀಜಾಗಿ ಕೊಟ್ಬುಟ್ರೆ ಏನಂದ್ಕೊತಾರೆ ಕಣಮ್ಮ?" ಖಾಲಿ ಪಾತ್ರೆ ಕೊಡಬಾರದೆಂದು ಒಳಗೆ ಒಂದು ಅಚ್ಚು ಬೆಲ್ಲ ಬೇರೆ ಇಟ್ಟರು!

ಪರಿಹಾರ ಬರಲಿಲ್ಲ, ದೊಡ್ಡಮ್ಮ ದೂರು ಕೊಟ್ಟರು. ಗ್ರಾಹಕರ ವೇದಿಕೆಯಲ್ಲಿ, ಈಗ ಆಯೋಗ ಅಂತಾರಲ್ಲ, ಅಲ್ಲಿ ಆ ಫಳಫಳ ಪಾತ್ರೆಯನ್ನೇ ಎತ್ತಿ ತೋರಿಸಿದ ಕಂಪನಿ ವಕೀಲ. ಕುಕ್ಕರ್ ಸರಿಯಾಗಿಯೇ ಇದೆ, ಈಕೆ ಕಂಠಮಟ್ಟ ಬೇಳೆ ತುಂಬಿದ್ದಾಳೆ, ಈಕೆಗೆ ಕುಕ್ಕರ್ ಇಡೋಕೆ ಬರಲ್ಲ ಅಂದ. ಬೇಳೆ ಎಲ್ಲಿವರೆಗಿತ್ತು ಅನ್ನೋ ಗುರುತು ತೊಳೆದುಹೋಗಿತ್ತಲ್ಲ... ಕೇಸು ಬಿದ್ದುಹೋಯಿತು. ಮಾತು ಬೀದಿ ತುಂಬ ಹಬ್ಬಿತು. ಹುಡುಗರು ಒಬ್ಬೊಬ್ಬರೇ ಬಿಟ್ಟರು, ಮೆಸ್ ಮುಚ್ಚಿತು. "ನಂಗೆ ಕುಕ್ಕರ್ ಇಡಕ್ಕೆ ಬರಲ್ವಂತೆ" ಅಂತ ಸಾಯೋವರೆಗೂ ಕೊರಗಿದರು.

ಆ ಕಂಪನಿ ಮಾತ್ರ ಬೆಳೆಯಿತು ನೋಡಿ. ಈಗ ನಮ್ಮ ಪಾರ್ಕಿನ ಗೇಟಿನ ಮೇಲೆ ಅದರ ಹೆಸರು, ಬಸ್ ಸ್ಟಾಪಿನ ಮೇಲೆ ಅದರ ಹೆಸರು. ಮಹಿಳಾ ದಿನಾಚರಣೆಯಲ್ಲಿ ಹೆಂಗಸರಿಗೆ ಶಾಲು ಹೊದಿಸೋದೂ ಅವರೇ. ಥೂ, ಅವರ ಮುಖಕ್ಕಿಷ್ಟು! ಅವರ ಹೆಸರು ಕಂಡಾಗಲೆಲ್ಲ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಪಕ್ಕದ ಮನೆ ಹುಡುಗಿಯ ಕುಕ್ಕರೂ ಅದೇ ಕಂಪನಿಯದು. ಅವಳು ಪಾತ್ರೆ ಉಜ್ಜೋ ನಾರು ಕೈಗೆತ್ತಿಕೊಂಡಿದ್ದಳು, ಗಪ್ಪನೆ ಕೈ ಹಿಡಿದೆ. ಬೇಳೆ ಅರ್ಧಕ್ಕಿಂತ ಮೇಲೆ ಹೋಗಿಲ್ಲ, ಗುರುತು ಒಣಗಿ ಅಂಟಿಕೊಂಡಿದೆ. ಫೋಟೋ ತೆಗೆಸಿ, ಅವಳ ಕೈಯಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಕೊಡಿಸಿದೆ. ಪಾತ್ರೆ ನನ್ನ ಬೀರುವಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ.

ನಿನ್ನೆ ಪಾತ್ರೆ ಹುಡುಕಿಕೊಂಡು ಕಂಪನಿಯಿಂದ ಒಬ್ಬ ನಮ್ಮ ಮನೆಗೇ ಬಂದ. ಎಳೆಯ ವಯಸ್ಸು, ನಯವಾದ ಮಾತು.

"ರಾಜಿ ಮಾಡ್ಕೊಳ್ಳೋಣ ಮೇಡಂ. ನಿಮಗೇನು ಬೇಕು ಹೇಳಿ."

"ಬೋಗಾದಿಯ ಆ ಹೆಂಗಸಿಗೆ ಅಡುಗೆ ಬರ್ತಿತ್ತು ಅಂತ ನಿಮ್ಮ ಕಂಪನಿ ಬರೆದು ಕೊಡ್ಲಿ" ಅಂದೆ.

"ಯಾವ ಹೆಂಗಸು ಮೇಡಂ?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ... ನಾಳೆ ಅವರು ಬರೆದುಕೊಟ್ಟರೂ ಓದಿ ಹೇಳಿದರೆ ಕೇಳೋಕೆ ದೊಡ್ಡಮ್ಮ ಇಲ್ಲ. ಇರಲಿ. "ಆಯೋಗದಲ್ಲಿ ಹೇಳ್ತೀನಿ, ನಿಮ್ಮ ಸಾಹೇಬ್ರನ್ನೂ ಕರ್ಕೊಂಡು ಬನ್ನಿ" ಅಂತ ಬಾಗಿಲು ಹಾಕಿದೆ.