ಟೇಪಿನಲ್ಲಿ ಗೌರತ್ತಿ ಇಲ್ಲ

ಬೇಸಿಗೆ ರಜೆ ಬಂತೆಂದರೆ ಬೆಟಗೇರಿಯ ನಮ್ಮ ಓಣಿಗೆಲ್ಲ ಗಂಜಿಯ ವಾಸನೆ ಹಿಡಿಯುತ್ತಿದ್ದ ಕಾಲ ಅದು. ನೇಯುವ ಮೊದಲು ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲಿಗೆ ಬಿಡುತ್ತಿದ್ದರು. ಅದರ ಕೆಳಗೆ ನುಸುಳಿ ಮುಟ್ಟಾಟ ಆಡುವುದು ನಮ್ಮ ಕೆಲಸ, ಸಿಕ್ಕವರ ಬೆನ್ನಿಗೆ ಗುದ್ದುವುದು ದೊಡ್ಡವರ ಕೆಲಸ. ನಾನು ಮಾತ್ರ ನುಸುಳುವ ಮೊದಲೇ ನೂಲು ಹರಿದರೇನು ಗತಿ ಎಂದು ಹೆದರಿ ನಿಲ್ಲುತ್ತಿದ್ದೆ. ಹೀಗೆ ನಿಂತದ್ದಕ್ಕೇ ಹೆಚ್ಚು ಗುದ್ದು ತಿಂದವಳು ನಾನು. ಈಗ ಐವತ್ತು ದಾಟಿ, ಶಿರಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಸ್ವಭಾವಕ್ಕೆ ನಿವೃತ್ತಿ ಇಲ್ಲ.

ಮನೆಯೊಳಗೆ ಮೂರು ಮಗ್ಗ. ಆ ಲಟಪಟದ ನಡುವೆ ಕಿವಿ ಇದ್ದವರೂ ಕಿವಿಯನ್ನು ನಂಬುತ್ತಿರಲಿಲ್ಲ. ನೂಲು ಮುಗಿಯಿತು, ನೀರು ತಾ, ಉಣ್ಣಲು ಏಳು, ಎಲ್ಲ ಕೈಸನ್ನೆಯಲ್ಲೇ. ಹಾಗಾಗಿ ಮೂರನೆಯ ಮಗ್ಗದಲ್ಲಿ ಕೂರುತ್ತಿದ್ದ ಗೌರತ್ತಿಗೆ, ಎಂದರೆ ಅಪ್ಪನ ಅಕ್ಕನಿಗೆ, ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಎಂಬುದು ನನಗೆ ಐದಾರು ವರ್ಷದವರೆಗೆ ತಿಳಿದೇ ಇರಲಿಲ್ಲ. ಆಕೆಗೆ ಮಾತು ಬರುವುದಿಲ್ಲ ಎಂದು ಓಣಿಯವರು ಮರುಗಿದಾಗ ನನಗೆ ಆಶ್ಚರ್ಯ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳೇ ಅವಳು.

ಸಂತೆಯ ದಿನವಂತೂ ಹೇಳುವುದೇ ಬೇಡ. ಲಕ್ಷ್ಮೇಶ್ವರದಿಂದ ಟೇಲರ್ ಖಾದರಕಾಕಾ, ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯಿಂದ ಬದನೆಕಾಯಿ ಬುಟ್ಟಿ ಹೊತ್ತು ಹನಮವ್ವ, ಇನ್ನೂ ಮೂರು ನಾಲ್ಕು ಜನ, ಎಲ್ಲರೂ ಕಿವಿ ಕೇಳದವರು, ಸಂತೆ ಮುಗಿಸಿ ನಮ್ಮ ಮನೆಯ ಕಟ್ಟೆಗೆ ಬಂದು ಸೇರುತ್ತಿದ್ದರು. ಸದ್ದಿಲ್ಲದೆ ಜಗಳವಾಡಿ, ಸದ್ದು ಮಾಡಿ ನಗುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಕೈಹೆಸರು. ಖಾದರಕಾಕಾ ಎಂದರೆ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡಂತೆ ಎರಡು ಬೆರಳು. ಹನಮವ್ವ ಎಂದರೆ ಅಂಗೈಯಿಂದ ನೀರು ಸರಿಸಿದಂತೆ. ಗೌರತ್ತಿ ಎಂದರೆ ಹಲ್ಲಿನಿಂದ ನೂಲು ಕಡಿದಂತೆ.

ಅವ್ವ ಚುರುಮುರಿ ಕಲೆಸಿ ಗಿರಮಿಟ್ ಮಾಡಿ ಹರಿವಾಣದಲ್ಲಿ ತಂದಿಟ್ಟರೆ, ಮೊದಲ ತುತ್ತಿಗೆ ಮುಂಚೆ ಅವರೆಲ್ಲ ಒಂದು ಕೆಲಸ ಮಾಡುತ್ತಿದ್ದರು. ಎಡಗೈ ಉಗುರುಗಳನ್ನು ಬಲಗೈ ಹೆಬ್ಬೆರಳಿನಿಂದ ಒಮ್ಮೆ ಉಜ್ಜುವುದು. ಅದೂ ಒಂದು ಕೈಹೆಸರು. ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ ಒಬ್ಬ ಕಿವುಡ ಬಣ್ಣಗಾರನದು. ಅವನ ಉಗುರಿನಿಂದ ಬಣ್ಣ ಎಂದೂ ಹೋಗುತ್ತಿರಲಿಲ್ಲವಂತೆ. ಬಾಯಿಂದ ಕರೆಯುವ ಹೆಸರು ಅವನಿಗೂ ಇದ್ದಿರಬೇಕು. ಕಟ್ಟೆಯ ಮೇಲಿನವರಿಗೆ ಅದು ಬೇಕಾಗಿರಲಿಲ್ಲ. ಬಣ್ಣ ಹಾಕಿದ ನೂಲಿನ ಲಡಿ ಹೊತ್ತು ನೇಕಾರರ ಮನೆಗಳ ಹಿತ್ತಿಲಿಗೆ ನೇರ ಹೋಗುವ ಸಲಿಗೆ ಅವನಿಗಿತ್ತು. ಯಾರ ಮನೆಯ ಹಿತ್ತಿಲಲ್ಲಿ ಯಾವ ಕಿವುಡ ಮಗು ಕೂತಿದೆ ಎಂದು ಹುಡುಕಿ ಹುಡುಕಿ, ಕೈಮಾತು ಕಲಿಸಿ, ಸಂತೆಯ ದಿನ ಒಂದು ಕಡೆ ಕೂಡಿಸಿದವನು ಅವನೇ. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಅವರು ಹೇಳುವ ಹೊತ್ತಿಗೆ ನಾನು ಗಿರಮಿಟ್ಟಿನಲ್ಲಿ ಶೇಂಗಾ ಆರಿಸುತ್ತಿದ್ದೆ.

ನಾನು ಐದನೆಯ ಇಯತ್ತೆ ಮುಗಿಸಿದ ರಜೆಯಲ್ಲಿ ಸಂಶೋಧಕರು ಬಂದರು.

ಯಾವ ಊರಿನವರು, ಯಾವ ವಿದ್ಯಾಪೀಠದವರು ಎಂದು ಹೇಳುವುದಿಲ್ಲ. ಹೇಳಿದರೆ ಅವರ ಶಿಷ್ಯರು ಇನ್ನೊಂದು ವಿಚಾರಸಂಕಿರಣ ಮಾಡಿಯಾರು. ಗದಗಿನ ಲಾಡ್ಜಿನಲ್ಲಿ ಇಳಿದು ದಿನಾ ಟಾಂಗಾದಲ್ಲಿ ಬರುತ್ತಿದ್ದರು. ಹೆಗಲಿಗೆ ಜೋಳಿಗೆ, ಕೈಯಲ್ಲಿ ಸಣ್ಣ ಟ್ರಂಕಿನಷ್ಟು ದೊಡ್ಡ ಟೇಪ್ ರೆಕಾರ್ಡರ್. ಕಿವುಡರ ಇತಿಹಾಸ ಬರೆಯುತ್ತೇನೆ ಎಂದರು.

"ಕಿವುಡರ್ದೂ ಒಂದ್ ಇತಿಹಾಸ ಇರತೈತೇನ್ರಿ?" ಅಪ್ಪ ಕೇಳಿದ.

"ಇದೆಯೋ ಇಲ್ಲವೋ ಎಂಬುದನ್ನೇ ನಾವು ಪರಿಶೀಲಿಸಬೇಕಾಗಿದೆ," ಎಂದರು ಅವರು. ಇಲ್ಲ ಎಂದು ಟಾಂಗಾ ಹತ್ತುವ ಮೊದಲೇ ತೀರ್ಮಾನಿಸಿದವರ ಸೌಜನ್ಯ ಅವರ ಮುಖದಲ್ಲಿತ್ತು.

ಮೊದಲ ದಿನ ಗೌರತ್ತಿಯನ್ನು ಕೂರಿಸಿ, ಗುಂಡಿ ಒತ್ತಿ, ಮೈಕನ್ನು ಆಕೆಯ ಬಾಯಿಯ ಮುಂದೆ ಹಿಡಿದರು. ಅವ್ವ ಅಡುಗೆಮನೆಯಿಂದ ಇಣುಕಿ, "ಯಪ್ಪಾ, ಆಕಿ ಬಾಯಾಗ ಏನೈತಂತ ಅಲ್ಲಿ ಹಿಡಿದೀರಿ? ಕೈ ಕಡೆ ಹಿಡೀರಿ," ಎಂದಳು. ತಮಾಷೆಗೆ ಅಂದದ್ದು. ಅವರು ಒಂದು ಕ್ಷಣ ಯೋಚಿಸಿ, ನಿಜವಾಗಿಯೂ ಕೈಯ ಹತ್ತಿರ ಹಿಡಿದರು. ಬಳೆ ಸದ್ದು ಮಾಡಿತು. ಅವರಿಗೆ ಸಮಾಧಾನವಾಯಿತು.

ಆಮೇಲೆ ಪಟ್ಟಿ ತೆಗೆದರು. ನೀರು, ಅನ್ನ, ತಾಯಿ, ದೇವರು, ಆಕಳು. ಒಂದೊಂದಕ್ಕೂ ಸನ್ನೆ ಏನೆಂದು ನಾನು ಗೌರತ್ತಿಯನ್ನು ಕೇಳಿ ಅವರಿಗೆ ಬಾಯಲ್ಲಿ ಹೇಳಬೇಕು. ನೀರಿಗೆ ಏನು ಎಂದು ಕೇಳಿದಾಗಲೆಲ್ಲ ಗೌರತ್ತಿ ಎದ್ದುಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಳು. ಅವರು ದಾಕ್ಷಿಣ್ಯಕ್ಕೆ ಕುಡಿದರು. ಖಾತ್ರಿ ಮಾಡಿಕೊಳ್ಳಲು ಮತ್ತೆ ಕೇಳಿದರು, ಮತ್ತೆ ಕುಡಿದರು. ನಾಲ್ಕನೆಯ ತಂಬಿಗೆಗೆ ಗೌರತ್ತಿ ನನ್ನ ಕಡೆ ತಿರುಗಿ ಕೈಯಲ್ಲಿ ಅಂದಳು: "ಪಾಪ, ಇವಂಗ ಊರಾಗ ನೀರು ಕೊಡೋರು ಯಾರೂ ಇಲ್ಲೇನ?"

"ಏನಂದಳು?"

"ನೀವು ಭಾಳ ಶಾಣ್ಯಾ ಅದೀರಂತ್ರಿ," ಎಂದೆ.

ಅವರು ಬರೆದುಕೊಂಡರು. ನನಗೆ ಪೆಪ್ಪರ್‌ಮಿಂಟ್ ಕೊಟ್ಟರು. ಟೇಪ್ ಹಿಂದೆ ಓಡಿಸಿ ನನ್ನ ಧ್ವನಿಯನ್ನು ನನಗೇ ಕೇಳಿಸಿದರು. ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಲಂಚ ಇಲ್ಲ. ಅಂದಿನಿಂದ ನಾನು ಹೆಚ್ಚು ಕೇಳದೆ, ಹೆಚ್ಚು ನೋಡದೆ, ಸ್ಫುಟವಾಗಿ ಉತ್ತರಿಸತೊಡಗಿದೆ. ಈಗಿನ ಎಷ್ಟೋ ಭಾಷಣಕಾರರನ್ನು ಕಂಡಾಗ ನನಗೆ ಆ ಹುಡುಗಿಯ ನೆನಪಾಗುತ್ತದೆ.

ಸಂತೆಯ ದಿನ ಬೆಳಿಗ್ಗೆ ಗೌರತ್ತಿ ಮಗ್ಗಕ್ಕೆ ಇಳಿಯಲಿಲ್ಲ. ತಲೆ ತೊಳೆದು, ಹೊಸ ಸೀರೆ ಉಟ್ಟು, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನೀರು, ಆಕಳ ಸಾಕು. ಇವತ್ತ ಅವನ ಕತಿ ಹೇಳ್ತೀನಿ," ಎಂದು ಉಗುರು ಉಜ್ಜಿ ತೋರಿಸಿದಳು. "ನಾವು ಸತ್ರ ಅವನ ಹೆಸರೂ ಸಾಯತೈತಿ. ಇವ ಬರಕೊಳ್ಳಾಕ ಬಂದಾನ. ಒಂದೂ ಬಿಡದಂಗ ಹೇಳ. ಹೇಳ್ತಿಯಿಲ್ಲ?"

ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಖಾದರಕಾಕಾ, ಹನಮವ್ವ ಬಂದು ಎರಡೂ ಬದಿಗೆ ಕೂತರು. ಮೂವರೂ ಉಗುರು ಉಜ್ಜಿದರು. ಟೇಪ್ ತಿರುಗಿತು. ಏನು ನಡೆದಿದೆಯೆಂದು ನೋಡಲು ಅಪ್ಪ ಮಗ್ಗ ಬಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತ.

ಗೌರತ್ತಿ ಶುರು ಮಾಡಿದಳು. ತನಗೆ ಹನ್ನೆರಡು ವರ್ಷ. ತಂಗಿಯನ್ನು ನೋಡಲು ಬೀಗರು ಬರುವ ದಿನ ತನ್ನನ್ನು ಹಿತ್ತಿಲ ನೂಲಿನ ಕೋಣೆಯಲ್ಲಿ ಹಾಕುತ್ತಿದ್ದರು. ಕಿಟಕಿ ಇಲ್ಲದ ಕೋಣೆ. ಕಿವಿ ಇದ್ದವರಿಗೆ ಕತ್ತಲೆಯಲ್ಲಿ ಹೊರಗಿನ ಸದ್ದಾದರೂ ಇರುತ್ತದೆ, ತನಗೆ ಅದೂ ಇಲ್ಲ. ಚಿಲಕ ಹಾಕುತ್ತಿದ್ದವನು ತಮ್ಮ. ಗೌರತ್ತಿ ಅಂಗೈಯನ್ನು ನೆಲದಿಂದ ನಾಲ್ಕು ಗೇಣು ಮೇಲೆ ಹಿಡಿದು ತೋರಿಸಿದಳು: ಇಷ್ಟು ಸಣ್ಣವನು, ಚಿಲಕ ಎಟುಕಲು ಮಣೆ ಹತ್ತುತ್ತಿದ್ದ.

ಆಕೆಗಿದ್ದವನು ಒಬ್ಬನೇ ತಮ್ಮ. ನಾನು ಬಾಗಿಲ ಕಡೆ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅಪ್ಪನ ಮುಖದಲ್ಲಿ ಸಿಟ್ಟಿದ್ದರೆ ಸರಳವಾಗುತ್ತಿತ್ತು, ಸಿಟ್ಟು ನನಗೆ ಪರಿಚಿತ. ಆ ಮುಖ ಬೇಡುತ್ತಿತ್ತು. ದೊಡ್ಡವರು ಬೇಡುವುದನ್ನು ನಾನು ಮೊದಲು ಕಂಡದ್ದು ಆಗ, ಕಣ್ಣು ಕೀಳಲಾಗಲಿಲ್ಲ. ಬದಿಯಲ್ಲಿ ಗೌರತ್ತಿಯ ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಲಡಿ, ಚಿಲಕ, ಅಜ್ಜ ಎಂಬಷ್ಟೇ ಓರೆಗಣ್ಣಿಗೆ ಬಿತ್ತು. ಮತ್ತೆ ಆಕೆಯ ಕಡೆ ತಿರುಗಿದಾಗ ಕತೆಯಲ್ಲಿ ಅವಳು ಕಟ್ಟೆಯ ಬಿಸಿಲಿಗೆ ಬಂದಾಗಿತ್ತು. ಬಣ್ಣಗಾರ ಆಕೆಗೆ ಹಲ್ಲಿನಿಂದ ನೂಲು ಕಡಿಯುವ ಹೆಸರಿಟ್ಟಾಗಿತ್ತು. ಖಾದರಕಾಕಾ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನು ಹೇಳಿದಳು?" ಎಂದು ಮೈಕು ನನ್ನ ಬಾಯಿಗೆ ಬಂತು.

"ಸಣ್ಣಾಕಿದ್ದಾಗ ಮನ್ಯಾಗ ಎಲ್ಲಾರೂ ಭಾಳ ಪ್ರೀತೀಲೆ ನೋಡ್ಕೊಂಡ್ರಂತ್ರಿ."

"ಇಷ್ಟು ಹೊತ್ತು ಅದನ್ನೇ ಹೇಳಿದಳೆ?"

"ಹೌದ್ರಿ. ಭಾಳ ಪ್ರೀತಿ ಇತ್ರಿ."

"ಈ ಸನ್ನೆಗಳನ್ನು ಯಾರು ಕಲಿಸಿದರು?"

"ಯಾರೂ ಇಲ್ರಿ. ತಾನ ಕಲ್ತಾಳ್ರಿ."

"ಇವರಿಬ್ಬರು?"

"ಸಂತಿಗೆ ಬಂದೋರ್ರಿ. ನೆಳ್ಳಿಗೆ ಕುಂತಾರ."

"ಮತ್ತೆ ಮೂವರೂ ಉಗುರು ಉಜ್ಜಿಕೊಂಡರಲ್ಲ?"

"ಉಣ್ಣೂಕಿಂತ ಮದ್ಲ ಕೈ ಸ್ವಚ್ಛ ಇರಬೇಕಂತ್ರಿ."

"ಸೊಗಸು!" ಎಂದರು ಸಂಶೋಧಕರು. ಎದುರಿಗೆ ಒಬ್ಬ ಗಂಡಸು ಅಳುತ್ತಿದ್ದಾನೆ. ಶುಚಿತ್ವದ ಬಗ್ಗೆ ಯಾರಾದರೂ ಹಾಗೆ ಅಳುತ್ತಾರೆಯೇ ಎಂಬ ಸಂಶಯ ಹತ್ತು ವರ್ಷದ ನನಗೇ ಬಂದಿತ್ತು. ಅವರಿಗೆ ಬರಲಿಲ್ಲ, ಏಕೆಂದರೆ ಅವರು ಟೇಪಿನ ಮುಳ್ಳು ಅಲುಗುತ್ತಿದೆಯೋ ಇಲ್ಲವೋ ನೋಡುತ್ತಿದ್ದರು.

ಗೌರತ್ತಿ ನನ್ನ ಗಲ್ಲ ಹಿಡಿದು ತಿರುಗಿಸಿದಳು. "ಹೇಳಿದಿ?"

ಹೇಳಿದೆ ಎಂದೆ.

"ಅವನ ಹೆಸರು?"

ಅದನ್ನೂ ಹೇಳಿದೆ ಎಂದು ಉಗುರು ಉಜ್ಜಿ ತೋರಿಸಿದೆ.

ಆಕೆ ನನ್ನ ಹಣೆಗೆ ಹಣೆ ತಾಗಿಸಿದಳು. ಹನಮವ್ವ ಹಸಿ ಬದನೆಕಾಯಿಗಳಲ್ಲಿ ಎಳೆಯವನ್ನು ಆರಿಸಿ ಸಂಶೋಧಕರ ಜೋಳಿಗೆಗೆ ಹಾಕಿದಳು. ಅವತ್ತು ಅವರಿಗೆ ಗಿರಮಿಟ್ಟಿನ ಜೊತೆ ಬಿಸಿ ಮಿರ್ಚಿ ಭಜಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದಾಗ ಗೌರತ್ತಿ, ಕೇಳದೆಯೇ, ಒಂದು ತಂಬಿಗೆ ತಂದುಕೊಟ್ಟಳು.

ಎಲ್ಲರೂ ಹೋದ ಮೇಲೆ ಅಪ್ಪ ನನ್ನ ತಲೆ ಸವರಿ, "ಶಾಣ್ಯಾಕಿ," ಎಂದ. ಒಂದೇ ಮಾತು. ನಾನು ಅಂದು ಉಣ್ಣಲಿಲ್ಲ. ಅವ್ವ ಪೆಪ್ಪರ್‌ಮಿಂಟ್ ತಿಂದು ಹೊಟ್ಟೆ ಕೆಟ್ಟಿದೆ ಎಂದುಕೊಂಡಳು.

ಗೌರತ್ತಿ ಸಾಯುವವರೆಗೆ, ಹೊಸದಾಗಿ ಕಟ್ಟೆಗೆ ಬಂದ ಕಿವುಡರಿಗೆಲ್ಲ ಬಣ್ಣಗಾರನ ಹೆಸರು ಪುಸ್ತಕದಲ್ಲಿದೆ ಎಂದು ಹೇಳುತ್ತಿದ್ದಳು. ಹಾಗೆ ಹೇಳುವಾಗ ನನ್ನ ಕಡೆ ಕೈ ತೋರಿಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಪುಸ್ತಕ ನನ್ನ ಕೈಗೆ ಬಂದದ್ದು ಆಕೆ ಹೋದ ಎಷ್ಟೋ ವರ್ಷಗಳ ಮೇಲೆ. ದಪ್ಪ ರಟ್ಟು. ಈ ಸೀಮೆಯ ಕಿವುಡರಿಗೆ ಪರಸ್ಪರ ನಂಟಿಲ್ಲ, ಕಲಿಸಿದ ಗುರುವಿಲ್ಲ, ಹಂಚಿಕೊಂಡ ಭಾಷೆಯಿಲ್ಲ, ಹಾಗಾಗಿ ಇತಿಹಾಸವೂ ಇಲ್ಲ, ಆದರೆ ಮನೆಯವರ ಅಪಾರ ಪ್ರೀತಿ ಇದೆ ಎಂದು ಸಾರಾಂಶ. ಊಟಕ್ಕೆ ಮುಂಚಿನ ಶುಚಿತ್ವಕ್ಕೆ ಅರ್ಧ ಪುಟ. ಆ ಅರ್ಧ ಪುಟದ ಮೇಲೆ ಇನ್ನೊಬ್ಬರು ಲೇಖನ ಬರೆದಿದ್ದಾರೆ, ಅದರ ಮೇಲೆ ಮತ್ತೊಬ್ಬರು. ಇವರಲ್ಲಿ ಒಬ್ಬರಾದರೂ ಬೆಟಗೇರಿಗೆ ಬಂದು, ನೆಳ್ಳಿಗೆ ಕೂತವರ ಮುಖ ನೋಡಿದ್ದಾರೆಯೇ? ನೋಡುವುದೇಕೆ, ಪುಸ್ತಕ ಇದೆಯಲ್ಲ.

ಒಂದು ವಿಚಾರಸಂಕಿರಣಕ್ಕೆ ನಾನೂ ಹೋದೆ. ಎರಡು ದಿನ ನಿದ್ದೆಗೆಟ್ಟು, ಹಾಳೆಯಲ್ಲಿ ಬರೆದುಕೊಂಡು, ಎದ್ದು ನಿಂತೆ. ಅದು ತಪ್ಪು, ಸುಳ್ಳು ಹೇಳಿದ ಹುಡುಗಿ ನಾನೇ ಎಂದೆ. ವೇದಿಕೆಯ ಮೇಲಿದ್ದ ವಿದ್ವಾಂಸರು ಕನ್ನಡಕ ಸರಿಮಾಡಿಕೊಂಡರು.

"ಅಮ್ಮಾ, ಬಾಲ್ಯದ ನೆನಪುಗಳನ್ನು ಆಧಾರವೆಂದು ಸ್ವೀಕರಿಸಲಾಗುವುದಿಲ್ಲ. ನಮ್ಮ ಬಳಿ ಧ್ವನಿಮುದ್ರಿಕೆ ಇದೆ."

"ಆ ಧ್ವನಿ ನಂದ್ರೀ!"

"ಅದು ಬಹಳ ಸ್ಪಷ್ಟವಾಗಿದೆ," ಎಂದರು.

ಸಭೆ ನಕ್ಕಿತು. ಹತ್ತು ವರ್ಷದ ನನ್ನೆದುರು ಐವತ್ತರ ನಾನು ಸೋತು ಕೂತೆ. ಊಟಕ್ಕೆ ಹೋಳಿಗೆ ಇತ್ತು. ನಾಚಿಕೆಯಿಲ್ಲದೆ ತಿಂದು ಬಂದೆ.

ಕಳೆದ ವರ್ಷ ಶಿರಹಟ್ಟಿಯ ಮನೆಗೆ ಒಬ್ಬ ಹುಡುಗಿ ಬಂದಳು. ಅವಳೂ ಇತಿಹಾಸವನ್ನೇ ಓದುತ್ತಿರುವವಳು, ಅವಳಿಗೂ ಕಿವಿ ಕೇಳುವುದಿಲ್ಲ. ಸಂಕಿರಣದಲ್ಲಿ ನಡೆದದ್ದನ್ನು ಯಾರೋ ಹೇಳಿದ್ದರಂತೆ. ನಾನು ಚಹಾ ಕೊಟ್ಟು, ತಪ್ಪೊಪ್ಪಿಗೆಯನ್ನು ಮತ್ತೆ ಹಾಳೆಯಲ್ಲಿ ಬರೆಯಹೋದೆ. ಅವಳು ಪೆನ್ನು ಕಸಿದುಕೊಂಡು, ಮೊಬೈಲಿನಲ್ಲಿ ಬರೆದು ತೋರಿಸಿದಳು: ನೀವು ಹೇಳಿದ್ದು ಬೇಡ, ಅತ್ತೆ ಹೇಳಿದ್ದನ್ನು ತೋರಿಸಿ.

ನಲವತ್ತು ವರ್ಷದ ಮೇಲೆ ಗೌರತ್ತಿಯ ಮಾತನ್ನು ನನ್ನ ಕೈಯಲ್ಲಿ ಆಡಿದೆ. ನೂಲಿನ ಕೋಣೆ ಬಂತು. ಕತ್ತಲೆ ಬಂತು. ಮಣೆ ಹತ್ತಿದ ತಮ್ಮ ಬಂದ. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಂದು ಓರೆಗಣ್ಣಿಗೆ ಬಿದ್ದಷ್ಟರ ಪ್ರಕಾರ ಬಣ್ಣಗಾರ ಲಡಿ ಹೊತ್ತು ಹಿತ್ತಿಲಿಗೆ ಬಂದ, ಹೊರಗಿನಿಂದ ಹಾಕಿದ ಚಿಲಕ ನೋಡಿದ, ಮುಂದಿನ ಬಾಗಿಲಿಗೆ ಹೋಗಿ ಬೀಗರೆದುರಿಗೇ ನನ್ನ ಅಜ್ಜನ ಮುಂದೆ ನಿಂತ. ಅಲ್ಲಿ ನನ್ನ ಕೈ ನಿಂತಿತು.

ಆಮೇಲೆ? ಎಂದು ಅವಳ ಹುಬ್ಬು ಕೇಳಿತು. ಅಜ್ಜನಿಗೆ ಏನಂದ?

ಆಗ ನಾನು ಅಪ್ಪನ ಮುಖ ನೋಡುತ್ತಿದ್ದೆ ಎಂದೆ.

ಕಣ್ಣು ತಪ್ಪಿದರೆ ಮಾತೇ ತಪ್ಪಿತು ಎಂದು ಕಿವಿ ಇದ್ದವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅವಳಿಗೆ ಬೇಕಾಗಲಿಲ್ಲ. ಖಾದರಕಾಕಾ ಇದ್ದಿದ್ದರೆ ಹೇಳುತ್ತಿದ್ದ, ಹನಮವ್ವ ಇದ್ದಿದ್ದರೆ ನಗುತ್ತ ಹೇಳುತ್ತಿದ್ದಳು. ಅಪ್ಪನೂ ಇಲ್ಲ. ರಸ್ತೆ ಅಗಲ ಮಾಡುವಾಗ ಕಟ್ಟೆಯೂ ಹೋಯಿತು. ಸಂತೆಯ ದಿನ ಅಲ್ಲಿ ಈಗ ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. ಬಾಯಿಲ್ಲದ ಒಬ್ಬ ಬಣ್ಣಗಾರ ಬರಿಗೈಯಲ್ಲಿ ಏನು ಹೇಳಿ ನನ್ನ ಅಜ್ಜನಿಂದ ಆ ಚಿಲಕ ತೆಗೆಸಿದ ಎಂಬುದು ಇವತ್ತು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನು.

ಏನಾದರೂ ಒಂದು ಹೇಳಿಬಿಡೋಣ ಎಂದು ನನ್ನ ಕೈ ತವಕಿಸಿತು, ಸುಳ್ಳಲ್ಲ. ಹುಡುಗಿ ಅದನ್ನೂ ಕಂಡಳೋ ಏನೋ, ನನ್ನ ಬೆರಳುಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ನೋಟ್‌ಬುಕ್ ತೆಗೆದು ಅಲ್ಲಿಯವರೆಗಿನದನ್ನು ಬರೆದಳು. ಅಜ್ಜನ ಮುಂದೆ ಬಣ್ಣಗಾರ ನಿಂತ ಎಂಬಲ್ಲಿಗೆ ನಿಲ್ಲಿಸಿ, ನಾಲ್ಕು ಗೆರೆ ಖಾಲಿ ಬಿಟ್ಟು, ಗೌರತ್ತಿ ಬಿಸಿಲಿಗೆ ಬಂದದ್ದನ್ನು ನನ್ನ ಕೈ ನೋಡುತ್ತ ಐದನೆಯ ಗೆರೆಯಿಂದ ಮುಂದುವರಿಸಿದಳು.