ಶೂನ್ಯ ಗಣದ ವಿಚಾರಣೆ

ರಾಯಚೂರಿನ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಮಹಾಂತಮ್ಮನಿಗೆ ಜನರ ಬಗ್ಗೆ ಇದ್ದ ತಾತ್ಸಾರ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಬೆಳೆಸಿದವರು ಜನರೇ. ಮಾನ್ವಿಯ ಅಕ್ಕಿ ಗಿರಣಿಯವರ ಮಗಳು ಆಕೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ವರ್ಷ ಲಿಂಗಸುಗೂರಿನಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ತಂದೆ ಉಪ್ಪಿಟ್ಟು ತಿನ್ನುತ್ತಾ, "ಓದಿದ ಹುಡುಗೇರು ಮನಿ ನಡಸೂದಿಲ್ಲ ಅಂತಾರ, ಅದೊಂದು ಅಂಜಿಕಿ ನಮಗ" ಅಂದರು. ಒಳಗಿನಿಂದಲೇ ಮಹಾಂತಮ್ಮ ಕೇಳಿದಳು: "ಹಂಗಾರ ಮನಿ ನಡಸದವ್ರೆಲ್ಲಾ ಓದಿದವ್ರೇನ್ರಿ?" ಬಂದವರು ಕೈ ತೊಳೆದುಕೊಂಡು ಎದ್ದು ಹೋದರು. ಆಮೇಲೆ ಯಾರೂ ಬರಲಿಲ್ಲ, ಆಕೆಯೂ ಕಾಯಲಿಲ್ಲ.

ಕಾಲೇಜಿನ ಸ್ಟಾಫ್ ರೂಮು ಆಕೆಯ ಪಾಲಿಗೆ ದಿನನಿತ್ಯದ ಶಿಕ್ಷೆಯಾಗಿತ್ತು. ಅಲ್ಲಿ ಚಹಾದ ಜೊತೆ ತೇಲಿಬರುವ ವಾದಗಳನ್ನು ಕೇಳುವಾಗ ಆಕೆಗೆ ಕಲ್ಲು ಸಿಕ್ಕ ಅನ್ನ ಅಗಿದಂತಾಗುತ್ತಿತ್ತು. ತಾನು ಮಾತ್ರ ವರ್ಷಗಟ್ಟಲೆ ಒಂದೇ ವಿಷಯ ಹಿಡಿದು ಕೂತಿದ್ದಳು: ಮನುಷ್ಯ ಹುಡುಕುವುದು ಹೇಗೆ? ಪ್ರಶ್ನೆಯೆಂದರೆ ಉತ್ತರವಾಗಬಲ್ಲ ಸಂಗತಿಗಳ ಒಂದು ಗಣ, ಗಣಿತದವರು ಸೆಟ್ ಎನ್ನುವ ಅರ್ಥದಲ್ಲಿಯೇ. ವಿಚಾರಣೆಯೆಂದರೆ ಆ ಗಣದಿಂದ ಸಲ್ಲದ್ದನ್ನು ಒಂದೊಂದಾಗಿ ಹೊರಹಾಕುವುದು. ನಿಜವಾದ ಉತ್ತರವನ್ನು ಮೊದಲೇ ಹೊರಗಿಟ್ಟು ವಿಚಾರಣೆಗೆ ಕೂತವನು ಸಾಯುವವರೆಗೆ ಹುಡುಕಿದರೂ ಅದು ಸಿಗುವುದಿಲ್ಲ. ಇದನ್ನು ಒಂದು ಲೇಖನವಾಗಿ ಬರೆದು ಸಹೋದ್ಯೋಗಿ ಜಂಬಣ್ಣನಿಗೆ ಕೊಟ್ಟಾಗ ಆತ ಹಾಳೆ ತಿರುವಿ, "ಮೇಡಂ, ಇದು ಪರೀಕ್ಷಾಕ್ಕ ಬರ್ತದೇನ್ರಿ?" ಎಂದಿದ್ದ. ಆಕೆ ಲೇಖನ ಕಸಿದುಕೊಂಡು ಚೀಲಕ್ಕೆ ಹಾಕಿದಳು. ಅಂದಿನಿಂದ ಆತನಿಗೆ ನಮಸ್ಕಾರ ಮಾಡುವುದನ್ನೂ ಬಿಟ್ಟಳು.

ಎಪ್ಪತ್ತೇಳನೇ ಇಸವಿಯಲ್ಲಿ ದೇವದುರ್ಗದ ಒಂದು ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ತಡೆಹಿಡಿದರು. ಶಾಲೆಗಳಿಗೆ ಗಣಗಳನ್ನು ಕಲಿಸುವ ಹೊಸ ಗಣಿತ ಬಂದು ಕೆಲವೇ ವರ್ಷಗಳಾಗಿದ್ದವು. ಎರಡಕ್ಕಿಂತ ದೊಡ್ಡದಾದ ಸಮ ಅವಿಭಾಜ್ಯ ಸಂಖ್ಯೆಗಳ ಗಣವನ್ನು ಬರೆಯಿರಿ ಎಂಬುದು ಪ್ರಶ್ನೆ. ಅಂಥ ಸಂಖ್ಯೆ ಒಂದೂ ಇಲ್ಲ, ಆದ್ದರಿಂದ ಅದು ಶೂನ್ಯ ಗಣ. ಬರೀ ಕಂಸ ಹಾಕಿ ಖಾಲಿ ಬಿಡಬೇಕು. ಆ ಶಾಲೆಯ ಇಡೀ ತರಗತಿ ಕಂಸದೊಳಗೆ ಒಂದು ಸೊನ್ನೆ ಬರೆದಿತ್ತು. ಸಾಮೂಹಿಕ ನಕಲು ಎಂದು ಪರೀಕ್ಷಾ ಕಚೇರಿಯವರು ಗುಲ್ಲೆಬ್ಬಿಸಿದರು. ವಿಚಾರಣೆಗೆ ತಮ್ಮ ಅಧಿಕಾರಿ ವೆಂಕೋಬರಾಯರನ್ನು ಕಳಿಸಿದರು. ಹೊರಗಿನವರೊಬ್ಬರು ಇರಲೆಂದು ಮಹಾಂತಮ್ಮನನ್ನೂ ಜೊತೆಗೆ ಹಾಕಿದರು.

ಬಸ್ಸಿನಲ್ಲಿಯೇ ವೆಂಕೋಬರಾಯರು ತೀರ್ಪು ಕೊಟ್ಟುಬಿಟ್ಟರು.

"ಇದರಾಗ ವಿಚಾರ ಮಾಡೂದು ಏನದರೀ ಮೇಡಂ? ನಕಲು ಹೊಡದ್ರ ಎಲ್ಲಾರ್ದೂ ಒಂದೇ ತಪ್ಪು ಇರ್ತದ. ಇಲ್ಲಿ ಎಲ್ಲಾರ್ದೂ ಒಂದೇ ತಪ್ಪು ಅದ. ಮುಗೀತು. ಚೀಟಿ ಕೊಟ್ಟವ್ರು ಯಾರು ಅನ್ನೂದಷ್ಟ ಹುಡುಕಿ ಸಂಜಿ ಬಸ್ಸಿಗೆ ವಾಪಸ್ ಬರೂಣು."

ಮಹಾಂತಮ್ಮ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: "ಮಳಿ ಬಂದ್ರ ಅಂಗಳ ತೋಯ್ತದ. ಅಂಗಳ ತೋಯ್ದದ ಅಂತ ನೀವು ಛತ್ರಿ ಹಿಡ್ಕೊಂಡು ಹೊರಗ ಬರ್ತೀರೇನ್ರಿ? ನಿಮ್ಮ ಮನಿಯಾಗ ಯಾರೂ ಅಂಗಳಕ್ಕ ನೀರು ಹೊಡಿಯೂದಿಲ್ಲೇನು?"

ರಾಯರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಆಕೆಗೂ ಅದೇ ಬೇಕಾಗಿತ್ತು. 'ಚೀಟಿ ಕೊಟ್ಟವರು ಯಾರು' ಎಂದು ಕೇಳುವವನು ಚೀಟಿ ಇತ್ತು ಎಂಬುದನ್ನು ಆಗಲೇ ನುಂಗಿಕೊಂಡಿರುತ್ತಾನೆ. ಇಂಥವರನ್ನು ವಿಚಾರಣೆಗೆ ಕಳಿಸುವ ಕಚೇರಿ ಇನ್ನೆಂಥದಿರಬೇಕು!

ಶಾಲೆಗೆ ಹೋದವಳೇ ಆಕೆ ಹೆಡ್‌ಮಾಸ್ಟರರ ಕೋಣೆ ಖಾಲಿ ಮಾಡಿಸಿದಳು. ಬರೆದು ಮುಗಿಸಿದವರು ಬೇರೆ ಕೋಣೆಯಲ್ಲಿ ಕೂಡಬೇಕು, ಹೊರಗಿದ್ದವರೊಡನೆ ಮಾತಾಡಕೂಡದು. ಒಬ್ಬೊಬ್ಬರನ್ನೇ ಒಳಗೆ ಕರೆದು ಹಾಳೆ ಕೊಟ್ಟಳು. ಪ್ರಶ್ನೆ ಹೊಸದು: ಬಯಲುಸೀಮೆಯ ಊರಾದ ಮಟಮಾರಿಯಲ್ಲಿರುವ ಸಮುದ್ರಗಳ ಗಣವನ್ನು ಬರೆಯಿರಿ. ನಕಲು ಮಾಡಿದವರಾದರೆ ಚೀಟಿಯಿಲ್ಲದೆ ದಿಕ್ಕಿಗೊಂದು ಉತ್ತರ ಬರೆಯುತ್ತಾರೆ. ತಪ್ಪನ್ನೇ ಕಲಿತವರಾದರೆ ಅದೇ ತಪ್ಪನ್ನು ಮತ್ತೆ ಬರೆಯುತ್ತಾರೆ.

ಹುಡುಗರು ಬಂದರು, ಬರೆದರು, ಹೋದರು. ಕಂಸ, ಒಳಗೆ ಸೊನ್ನೆ. ಮತ್ತೆ ಕಂಸ, ಮತ್ತೆ ಸೊನ್ನೆ. ಕುರಿಗಾರರ ಮನೆಯ ದುರುಗಮ್ಮ ಎಂಬ ಹುಡುಗಿ ತರಗತಿಗೆ ಮೊದಲಿಗಳು. ಆಕೆಯೂ ಸೊನ್ನೆ ಬರೆದಳು.

"ಮಟಮಾರ್ಯಾಗ ಸಮುದ್ರ ಅದ ಏನವ್ವಾ?"

"ಇಲ್ರೀ ಅಕ್ಕೋರ."

"ಮತ್ತ ಕಂಸದಾಗ ಏನೋ ಬರದೀಯಲ್ಲ?"

"ಸೊನ್ನಿ ರೀ."

"ಸೊನ್ನಿ ಅನ್ನೂದು ಒಂದು ಸಮುದ್ರೇನು?"

ಹುಡುಗಿ ಸೆರಗಿನ ತುದಿ ತಿರುವುತ್ತಾ ಹೇಳಿದಳು: "ಗಣ ಅಂದಮ್ಯಾಗ ಒಬ್ಬರರ ಇರಬೇಕಂತ್ರಿ. ಶಿವಗಣದಾಗ ಯಾರೂ ಇಲ್ಲಂದ್ರ ಅದು ಗಣ ಹೆಂಗಾಗ್ತದ? ಯಾರೂ ಸಿಗಲಿಲ್ಲಂದ್ರ ಶೂನ್ಯಾನರ ಒಳಗ ಕೂಡಿಸ್ರಿ, ಅದಕ್ಕ ಶೂನ್ಯ ಗಣ ಅಂತಾರ ಅಂತ ನಮ್ಮ ಸರ್ ಹೇಳ್ಯಾರ್ರಿ."

ಮಹಾಂತಮ್ಮನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ಹಟ್ಟ್ಯಾಗ ಒಂದೂ ಕುರಿ ಇಲ್ಲಂದ್ರ ನಿಮ್ಮಪ್ಪ ಸೊನ್ನಿ ಅನ್ನೋ ಕುರಿ ತಂದು ಕಟ್ತಾನೇನವ್ವಾ?"

"ನಮ್ಮಪ್ಪ ಕುರಿ ಕಾಯ್ತಾನ್ರಿ, ಗಣ ಕಾಯೂದಿಲ್ಲ" ಎಂದಳು ದುರುಗಮ್ಮ. ಹೇಳುವಾಗಲೇ ಕಣ್ಣಲ್ಲಿ ನೀರು ತುಂಬಿತ್ತು.

ಮಹಾಂತಮ್ಮನಿಗೆ ಅದು ಉದ್ಧಟತನ ಅನಿಸಿತು. ಆದರೂ ಬೆಳಗಿನಿಂದ ಆಕೆಯ ಕಿವಿಗೆ ಬಿದ್ದ ಮೊದಲ ನೇರವಾದ ಮಾತು ಅದಾಗಿತ್ತು.

ಹಿಂದಿನ ಬೆಂಚಿನ ಕೆಲವರು ಮಾತ್ರ ಸೂರು ನೋಡುತ್ತಾ ಕೂತರು. ಅವರಲ್ಲೊಬ್ಬ, ಶಾಲಾ ಸಮಿತಿಯ ಅಧ್ಯಕ್ಷರ ಮಗ, ಬಹಳ ಯೋಚಿಸಿ 'ಅರಬ್ಬಿ' ಎಂದು ಬರೆದುಕೊಟ್ಟ. ಇವರೇ ನಕಲು ಮಾಡಿದವರು, ಅದೂ ತಪ್ಪು ಉತ್ತರವನ್ನು! ಕದಿಯುವುದಕ್ಕೂ ಸರಿಯಾದ ಮನೆ ಹುಡುಕಲಾರದವರು ಎಂದುಕೊಂಡಳು ಮಹಾಂತಮ್ಮ.

"ಎಲ್ಲಾರೂ ಮಾಡ್ಯಾರಂತ ಬರೀರಿ, ಇಲ್ಲಾ ಯಾರೂ ಮಾಡಿಲ್ಲಂತ ಬರೀರಿ. ಎರಡರಾಗ ಒಂದು" ಎಂದು ವೆಂಕೋಬರಾಯರು ಅವಸರ ಮಾಡಿದರು.

"ನಡುವ 'ಕೆಲವರು' ಅನ್ನೋ ಶಬ್ದ ಒಂದದ. ನಿಮ್ಮ ಆಫೀಸಿಗೆ ಇನ್ನಾ ಬಂದಿಲ್ಲ ಕಾಣ್ತದ."

ಗಣಿತದ ಮೇಷ್ಟ್ರು ಗಡಿಗೆಪ್ಪನನ್ನು ಕರೆಸಿದರು. ಹಣೆಯ ಮೇಲೆ ವಿಭೂತಿ, ಕೈಗೆ ಸೀಮೆಸುಣ್ಣದ ಪುಡಿ. ಮಹಾಂತಮ್ಮ ಕೂಡಲೂ ಹೇಳದೆ ಕೇಳಿದಳು: "ಈ ಶಿವಗಣದ ಗಣಿತ ನಿಮಗ್ಯಾರು ಕಲಿಸಿದ್ರು?"

"ಯಾರೂ ಇಲ್ರಿ. ನಾ ಓದೋ ಕಾಲಕ್ಕ ಗಣ ಇರಲಿಲ್ರಿ. ಪುಸ್ತಕ ಬಂದ್ವು, ಕಲಿಸ್ರಿ ಅಂದ್ರು. ತರಬೇತಿ ಅಂತ ರಾಯಚೂರಿಗೆ ಕರದ್ರು. ಭಾಷಣ ಮಾಡಿದ್ರು, ಊಟ ಹಾಕಿದ್ರು, ಕಳಿಸಿದ್ರು."

"ತಿಳೀಲಿಲ್ಲಂದ್ರ ತಿಳೀಲಿಲ್ಲ ಅನಬೇಕಿತ್ತು."

"ಮಕ್ಕಳ ಮುಂದ ಹೆಂಗ ಅನ್ನೂದ್ರಿ?"

"ಬಾಯಿಲಿಂದ."

ಹೆಡ್‌ಮಾಸ್ಟರರು ನಕ್ಕರು. ಗಡಿಗೆಪ್ಪ ತಲೆ ತಗ್ಗಿಸಿದ. ಮಹಾಂತಮ್ಮ ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು: ಬಹುತೇಕರು ನಕಲು ಮಾಡಿಲ್ಲ, ತಪ್ಪನ್ನೇ ಕಲಿತಿದ್ದಾರೆ. ಸರಿಯಾದ ತರಬೇತಿಯಿಲ್ಲದೆ ಮೇಷ್ಟ್ರಿಗೂ ವಿಷಯ ತಿಳಿದಿಲ್ಲ. ಕೆಲವರು ಮಾಡಿದ್ದಾರೆ, ಅವರ ಹೆಸರು ಇಂತಿಂಥವು.

ಮಳೆಗಾಲದಲ್ಲಿ ದುರುಗಮ್ಮ ಪಿಯುಸಿಗೆ ಸೇರಲು ಮಹಾಂತಮ್ಮನ ಕಾಲೇಜಿಗೇ ಬಂದಳು. ಬಂದ ದಿನವೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಅಕ್ಕೋರ, ಎಲ್ಲಾರೂ ಪಾಸಾದ್ವಿ. ಅರಬ್ಬಿ ಬರದವನೂ ಪಾಸು. ನಮ್ಮ ಸರ್‌ಗೆ ಮಾತ್ರ ಸಸ್ಪೆಂಡ್ ಮಾಡ್ಯಾರ್ರಿ. ಮನ್ಯಾಗ ಕುಂತಾರ."

ಆ ಕ್ಷಣ ಮಹಾಂತಮ್ಮನಿಗೆ ಆದದ್ದು ಪಶ್ಚಾತ್ತಾಪವೇನಲ್ಲ, ಅಸಹ್ಯ. ಆಕೆ ತೂಗಿ ತೂಗಿ ಬರೆದ ವರದಿಯಿಂದ ಅವರು ತಮಗೆ ಬೇಕಾದ ಒಂದೇ ಸಾಲು ಕಿತ್ತುಕೊಂಡಿದ್ದರು. ತರಗತಿ ಬಿಟ್ಟು ನೇರ ಪರೀಕ್ಷಾ ಕಚೇರಿಗೆ ನಡೆದಳು.

ವೆಂಕೋಬರಾಯರು ಎದ್ದು, "ಬರ್ರಿ ಬರ್ರಿ, ಚಹಾ ತರಿಸ್ತೀನಿ" ಅಂದರು.

"ಚಹಾ ಬ್ಯಾಡ. ನಕಲು ಹೊಡದವ್ರು ಪಾಸು, ಕಲಿಸಿದವ ಮನಿಗೆ. ಇದು ಯಾವ ನಿಯಮರೀ?"

"ಅವಗ ವಿಷಯ ತಿಳಿದಿಲ್ಲಂತ ನೀವ ಬರದೀರಲ್ರಿ."

"ತಿಳೀಲಾರದವ್ರೆಲ್ಲಾ ಮನಿಗೆ ಹೋಗಬೇಕಂದ್ರ ಈ ಆಫೀಸಿಗೆ ಕೀಲಿ ಹಾಕಾಕ ಒಬ್ಬರರ ಉಳೀತೀರೇನು? ಅವನಿಗೆ ತರಬೇತಿ ಕೊಟ್ಟವ್ರು ಯಾರು? ಅವ್ರಿಗೂ ಸಮುದ್ರದ ಪ್ರಶ್ನಿ ಕೊಡ್ತೀನಿ, ಕರೀರಿ. ನೀವೂ ಬರೀರಿ. ಈಗ, ನನ್ನ ಮುಂದ."

ಸುತ್ತಲಿನ ಗುಮಾಸ್ತರು ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ಹಾಳೆ ಮುಂದಿಟ್ಟರೂ ರಾಯರು ಮುಟ್ಟಲಿಲ್ಲ. ಆಕೆ ಬಿಡಲಿಲ್ಲ, ಮರುದಿನವೂ ಹೋದಳು, ಅದೇ ಕುರ್ಚಿಯಲ್ಲಿ ಕೂತಳು. ಆಕೆಯ ಕಾಟಕ್ಕೆ ಬೇಸತ್ತು ಅವರು ಗಡಿಗೆಪ್ಪನನ್ನು ಮರಳಿ ತೆಗೆದುಕೊಂಡು ಮಾನ್ವಿಗೆ ಹಾಕಿದರು. ನಕಲು ಮಾಡಿದವರು ಪಾಸಾದದ್ದು ಪಾಸಾಗಿಯೇ ಉಳಿಯಿತು. ಅಧ್ಯಕ್ಷರ ಮಗ ಮುಂದೆ ಅದೇ ಸಮಿತಿಗೆ ಸದಸ್ಯನಾದ.

ಅದರ ಮುಂದಿನ ಬೇಸಿಗೆಯಿಂದ ಮಹಾಂತಮ್ಮ ರಜೆಗೆ ಮಾನ್ವಿಗೆ ಹೋದಾಗಲೆಲ್ಲ ಅಣ್ಣನ ಗಿರಣಿಯ ಹಿಂದಿನ ಖಾಲಿ ಗೋದಾಮಿನಲ್ಲಿ ಮೇಷ್ಟ್ರುಗಳಿಗೆ ಗಣ ಮತ್ತು ತರ್ಕ ಕಲಿಸತೊಡಗಿದಳು. ಪೋತ್ನಾಳದಿಂದಲೂ ಇಬ್ಬರು ಬರುತ್ತಿದ್ದರು. ಬಂದವರನ್ನು ಆಕೆ ಬೈಯದ ದಿನವಿಲ್ಲ. ಕೆಲವರು ಮುನಿಸಿಕೊಂಡು ಬಿಟ್ಟುಹೋದರು. ಹೋಗಲಿ, ಗಾಳಿಯಾದರೂ ಆಡುತ್ತದೆ ಅಂದಳು.

ಗಡಿಗೆಪ್ಪ ಬಿಡಲಿಲ್ಲ. ಮೊದಲ ಬೇಸಿಗೆ ಗೋಡೆಗೆ ಆತು ಮಾತಿಲ್ಲದೆ ಕೂತಿದ್ದ. ಎರಡನೆಯ ಬೇಸಿಗೆ, ಒಂದು ಮಧ್ಯಾಹ್ನ, ಎಲ್ಲರ ಮುಂದೆ ಎದ್ದು ನಿಂತ. "ಮೇಡಂ, ನನಗ ಇದು ತಿಳೀಲಿಲ್ರಿ. ಶೂನ್ಯ ಗಣ ಎಲ್ಲಾ ಗಣದ ಒಳಗೂ ಉಪಗಣ ಆಗಿ ಇರ್ತದಂತೀರಿ. ಒಳಗ ಏನೂ ಇಲ್ಲದ್ದು ಎಲ್ಲಾದರೊಳಗೂ ಹೆಂಗ ಇರ್ತದ?"

"ಎರಡು ವರ್ಷ ಕುಂತು ಈಗ ಕೇಳ್ತೀರಲ್ಲ, ಇಷ್ಟು ದಿನ ಏನು ಅಕ್ಕಿ ಆರಸಾಕತ್ತಿದ್ರಿ?" ಎಂದು ಸಿಡುಕಿದಳು ಮಹಾಂತಮ್ಮ. ಹಲಗೆ ಒರೆಸಿ, ಮೊದಲಿನಿಂದ ಬರೆಯತೊಡಗಿದಳು. ಆ ದಿನ ಗೋದಾಮಿನಲ್ಲಿ ಊಟಕ್ಕೆ ಯಾರೂ ಏಳಲಿಲ್ಲ.